ಎಣಿಕೆಗೆ ಅಡಿಕೆ ಬೇಡ

ಎರಡು ವರ್ಷದ ಮೊಮ್ಮಗಳು ಅಂಗನವಾಡಿಗೆ ಹೋಗಲು ಇನ್ನೂ ಒಂದು ವರ್ಷವಿದೆ. ಅಲ್ಲಿಯ ಮಕ್ಕಳಿಗೆ ‘ಚಿಲಿಪಿಲಿ’ ಚಟುವಟಿಕೆ ಪುಸ್ತಕವಿದೆ. ನಮ್ಮ ಶಿರಸಿ ಕಡೆಯ ತೋಟದ ಮನೆಯಲ್ಲಿ ಏನು ಮಾಡುವುದು? ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು ನಾನು, ಗೆರೆ ಎಳೆದು ವಾರದ ಪಟ್ಟಿ ಬರೆದೆ. ಸೋಮವಾರ ಎಣಿಕೆ, ಮಂಗಳವಾರ ಬಣ್ಣ, ಹೀಗೆ.

ಮೊದಲ ಸೋಮವಾರವೇ ಎಡವಟ್ಟಾಯಿತು. ಎಣಿಸಲು ಕೊಟ್ಟ ಅಡಿಕೆ ಬಾಯಿಗೆ ಹೋಯಿತು. ಸೊಸೆ ಕಂಡು ಉಗುಳಿಸಿದಳು. ನನಗೆ ಕೈಕಾಲು ನಡುಗಿತು. ಅಡಿಕೆ, ಹುಣಸೆಬೀಜ, ಶೇಂಗಾ ಗಂಟಲಲ್ಲಿ ಸಿಕ್ಕಿದರೆ ಉಸಿರೇ ಕಟ್ಟೀತು. ಮೂರು ವರ್ಷದೊಳಗಿನವರ ಆಟಕ್ಕೆ ಅವು ಬೇಡವೇ ಬೇಡ.

ಈಗ ಸುಲಿಯದ ತೆಂಗಿನಕಾಯಿ ಉರುಳಿಸಿ ಒಂದು, ಎರಡು ಎನ್ನುತ್ತೇವೆ. ಬಣ್ಣಕ್ಕೆ ದಾಸವಾಳ, ಬಾಳೆಎಲೆ. ಅಡಿಕೆ ಹಾಳೆಯ ಮೇಲೆ ಕೂರಿಸಿ ಅಂಗಳದಲ್ಲಿ ಎಳೆದರೆ ‘ಹತ್ತಿರ’, ‘ದೂರ’ ತಾನಾಗಿ ಬರುತ್ತದೆ. ಹತ್ತು ನಿಮಿಷ ಸಾಕು, ನನ್ನ ಸೊಂಟಕ್ಕೂ. ವಾರಕ್ಕೆ ಮೂರೇ ಆಟ, ಅವೇ ಮತ್ತೆ ಮತ್ತೆ. ದಿನಕ್ಕೊಂದು ಹೊಸದು ಬೇಕೆನಿಸಿದ್ದು ನನಗೆ, ಅವಳಿಗಲ್ಲ.