ಬಣ್ಣ ಹಚ್ಚುವ ಮುನ್ನ

'ಮೇಲೆಲ್ಲ ಥಳಕು, ಒಳಗೆಲ್ಲ ಹುಳುಕು' ಎಂಬ ಗಾದೆ ಮನುಷ್ಯರಿಗಷ್ಟೇ ಅಲ್ಲ, ಮೋಟಾರು ಕಾರಿಗೂ ಒಪ್ಪುತ್ತದೆ. ಹೊಸ ಬಣ್ಣ ಬಳಿಸಿಕೊಂಡು ಗ್ಯಾರೇಜಿನಿಂದ ಹೊರಬಂದ ದಿನ ಎಲ್ಲ ಕಾರುಗಳೂ ಮದುಮಗನಂತೆಯೇ ಕಾಣುತ್ತವೆ. ಒಂದು ಮಳೆಗಾಲ ಕಳೆಯಲಿ, ಆಗ ನೋಡಿ. ಒಂದರ ಬಣ್ಣ ಇದ್ದಂತೆಯೇ ಇರುತ್ತದೆ. ಇನ್ನೊಂದರ ಬಾಗಿಲಿನ ಕೆಳ ಅಂಚಿನಲ್ಲಿ ಗುಳ್ಳೆಗಳು ಏಳುತ್ತವೆ. ಉಗುರಿನಿಂದ ಕೆರೆದರೆ ಬಣ್ಣ ಹಪ್ಪಳದಂತೆ ಸುಲಿದು ಬರುತ್ತದೆ. ಎರಡಕ್ಕೂ ಹಚ್ಚಿದ್ದು ಒಂದೇ ಡಬ್ಬಿಯ ಬಣ್ಣ ಇರಬಹುದು. ಬಣ್ಣದ ಆಯುಷ್ಯವನ್ನು ನಿರ್ಧರಿಸುವುದು ಅದಕ್ಕೆ ಮುಂಚೆ ತಗಡಿನ ಮೇಲೆ ನಡೆದ ಕೆಲಸ.

ಈ ಕೆಲಸ ಹೊಸ ಬಣ್ಣದ ಕೆಳಗೆ ಮುಚ್ಚಿಹೋಗುತ್ತದೆ. ಆದ್ದರಿಂದಲೇ ಅವಸರದ ಗ್ಯಾರೇಜುಗಳಲ್ಲಿ ಮೊದಲು ಕೈಬಿಡುವುದೂ ಇದನ್ನೇ. ಪಾಲಕರ ಹಣ ಉಳಿಯಬೇಕಾದರೆ ಇದರ ಹಿಂದಿನ ವಿಜ್ಞಾನ ತಿಳಿದಿರಬೇಕು. ವಿದ್ಯಾರ್ಥಿಗಳಿಗಂತೂ ಇದು ಪಠ್ಯಪುಸ್ತಕದ ಪಾಠಗಳು ಬೀದಿಗಿಳಿದು ಕೆಲಸ ಮಾಡುವುದನ್ನು ಕಾಣುವ ಅವಕಾಶ.

ನಮ್ಮ ಧೂಳಿನ ಗುಣ

ವಾಡಿಯಲ್ಲಿ 1968ರಿಂದ ಸಿಮೆಂಟ್ ತಯಾರಾಗುತ್ತಿದೆ. ಸೇಡಂ, ಮಳಖೇಡಗಳಲ್ಲೂ ದೊಡ್ಡ ಕಾರ್ಖಾನೆಗಳಿವೆ. ಶಹಾಬಾದ, ಚಿತ್ತಾಪುರಗಳ ಸುತ್ತ ಫರ್ಸಿ ಕಲ್ಲಿನ ಗಣಿಗಳು. ಚಿಂಚೋಳಿಯ ಕಡೆ ಹೋದರೆ ಕೆಮ್ಮಣ್ಣು. ಈ ಭಾಗದ ಕಾರಿನ ಮೇಲೆ ಇವೆಲ್ಲವೂ ಕೂರುತ್ತವೆ. ಆದರೆ ಎಲ್ಲ ಧೂಳಿನ ಗುಣ ಒಂದೇ ಅಲ್ಲ.

ಫರ್ಸಿಯ ಪುಡಿ ಸುಣ್ಣದ ಕಲ್ಲಿನ ಪುಡಿ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಅದು ನೀರಿನೊಡನೆ ಗಟ್ಟಿಯಾಗುವುದಿಲ್ಲ. ಸಿಮೆಂಟ್ ಧೂಳು ಹಾಗಲ್ಲ. ರಾತ್ರಿಯ ಇಬ್ಬನಿ ತಾಗಿದರೆ ಸಾಕು, ಅದು ನೀರಿನೊಡನೆ ವರ್ತಿಸಿ ಹೆಪ್ಪುಗಟ್ಟತೊಡಗುತ್ತದೆ. ಆಗ ಹೊರಬರುವ ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಅಂದರೆ ಅರಳಿದ ಸುಣ್ಣ, ಕೆಂಪು ಲಿಟ್ಮಸ್ಸನ್ನು ನೀಲಿಗೆ ತಿರುಗಿಸುವ ಪ್ರತ್ಯಾಮ್ಲ. ಬಹಳ ದಿನ ಹಾಗೇ ಬಿಟ್ಟರೆ ಅದು ಬಣ್ಣದ ಹೊಳಪನ್ನು ತಿನ್ನುತ್ತದೆ.

ಇಂಥ ಧೂಳನ್ನು ಒಣ ಬಟ್ಟೆಯಿಂದ ಒರೆಸಬಾರದು. ಪ್ರತಿ ಕಣವೂ ಗೀರು ಎಳೆಯುತ್ತದೆ. ಮೊದಲು ಧಾರಾಳವಾಗಿ ನೀರು ಸುರಿಯಬೇಕು. ಹೆಪ್ಪುಗಟ್ಟಿದ ಕಲೆ ಇದ್ದರೆ ಒಂದು ಭಾಗ ವಿನೆಗರ್‌ಗೆ ಹತ್ತು ಭಾಗ ನೀರು ಬೆರೆಸಿ ಸ್ಪಂಜಿನಿಂದ ನೆನೆಸಿ, ಕೆಲವು ನಿಮಿಷ ಬಿಟ್ಟು ತೊಳೆಯಬಹುದು. ದುರ್ಬಲ ಆಮ್ಲ ಪ್ರತ್ಯಾಮ್ಲವನ್ನು ತಟಸ್ಥಗೊಳಿಸುತ್ತದೆ. ಕಲೆ ಬೇಗ ಹೋಗಲೆಂದು ಪಾಯಿಖಾನೆ ತೊಳೆಯುವ ಆಸಿಡ್ ಸುರಿಯುವವರಿದ್ದಾರೆ. ಹೈಡ್ರೊಕ್ಲೋರಿಕ್ ಆಮ್ಲ ಕಬ್ಬಿಣವನ್ನೇ ತಿನ್ನುತ್ತದೆ. ಉಳಿದ ಕ್ಲೋರೈಡ್ ತುಕ್ಕನ್ನು ಕೈಬೀಸಿ ಕರೆಯುತ್ತದೆ.

ಇನ್ನೊಂದು ಮಾತು. ಸುಣ್ಣದ ಕಲ್ಲಿನ ನೆಲದ ಬೋರ್‌ವೆಲ್ ನೀರು ಗಡಸು. ಅದು ಮೈಮೇಲೆ ಒಣಗಿದರೆ ಲವಣ ಉಳಿಯುತ್ತದೆ. ಆ ಲವಣದ ಮೇಲೆ ಬಣ್ಣ ಬಿದ್ದರೆ ಮುಂದೆ ಅಭಿಸರಣದಿಂದ ಬಣ್ಣದ ಪದರದ ಮೂಲಕವೇ ತೇವ ಒಳಗೆ ಸೆಳೆಯಲ್ಪಟ್ಟು ಗುಳ್ಳೆ ಏಳುತ್ತದೆ. ಆದ್ದರಿಂದ ತೊಳೆದ ಕೂಡಲೇ ಒರೆಸಿ ಒಣಗಿಸಬೇಕು.

ಮೊದಲು ಜಿಡ್ಡು, ಆಮೇಲೆ ಉಜ್ಜು

ಗ್ರೀಸ್, ಡಾಂಬರು, ಪಾಲಿಶ್‌ನ ಮೇಣ ಇವು ನೀರಿಗೆ ಬಗ್ಗುವುದಿಲ್ಲ. ಜಿಡ್ಡು ಕರಗುವುದು ತನ್ನಂಥದ್ದೇ ದ್ರಾವಕದಲ್ಲಿ. ಪೇಂಟ್ ಅಂಗಡಿಗಳಲ್ಲಿ ಮೇಣ-ಜಿಡ್ಡು ತೆಗೆಯುವ ದ್ರಾವಕ ಸಿಗುತ್ತದೆ. ಒಂದು ಕೈಯಲ್ಲಿ ಅದರಲ್ಲಿ ಅದ್ದಿದ ಬಟ್ಟೆ, ಇನ್ನೊಂದು ಕೈಯಲ್ಲಿ ಒಣ ಬಟ್ಟೆ ಇರಬೇಕು. ಒದ್ದೆ ಬಟ್ಟೆಯಿಂದ ಸವರಿ, ದ್ರಾವಕ ಆರುವ ಮೊದಲೇ ಒಣ ಬಟ್ಟೆಯಿಂದ ಎತ್ತಿಕೊಳ್ಳಬೇಕು. ಆರಲು ಬಿಟ್ಟರೆ ಕರಗಿದ ಜಿಡ್ಡು ಮತ್ತೆ ಅಲ್ಲಿಯೇ ಕೂರುತ್ತದೆ. ಪೆಟ್ರೋಲ್ ಬಳಸುವುದು ಬೆಂಕಿಯೊಡನೆ ಸರಸ.

ಜಿಡ್ಡು ತೆಗೆಯದೆ ಉಜ್ಜಿದರೆ ಮೇಣ ಗೀರುಗಳ ಆಳಕ್ಕೆ ಇಳಿಯುತ್ತದೆ. ಅಂಥಲ್ಲಿ ಬಣ್ಣ ಹರಡದೆ ಸಣ್ಣ ಸಣ್ಣ ಕುಳಿ ಬಿಡುತ್ತದೆ. ಪರೀಕ್ಷೆ ಸುಲಭ. ಶುದ್ಧ ನೀರು ಸುರಿಯಿರಿ. ನೀರು ಒಂದೇ ಹಾಳೆಯಂತೆ ಹರಡಿ ನಿಂತರೆ ಮೈ ಶುದ್ಧ. ಕೆಸುವಿನೆಲೆಯ ಮೇಲಿನಂತೆ ಹನಿಹನಿಯಾದರೆ ಜಿಡ್ಡು ಉಳಿದಿದೆ ಎಂದರ್ಥ.

ಕಲ್ಲಿಗೆ ಪಾಲಿಶ್ ಮಾಡಿದಂತೆ

ತುಕ್ಕು ಎಂದರೆ ಕಬ್ಬಿಣದ ಜಲಯುಕ್ತ ಆಕ್ಸೈಡ್. ಅದು ತಾನು ಹುಟ್ಟಿದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಹಾಗಾಗಿ ಬಣ್ಣವನ್ನು ಕೆಳಗಿನಿಂದ ಎತ್ತಿಬಿಡುತ್ತದೆ. ಬೆಳ್ಳಗೆ ಹೊಳೆಯುವ ಲೋಹ ಕಾಣುವವರೆಗೆ ಅದನ್ನು ಕೆರೆದು ತೆಗೆಯಬೇಕು. ಕುಳಿಗಳಲ್ಲಿ ಉಳಿದದ್ದಕ್ಕೆ ಫಾಸ್ಪಾರಿಕ್ ಆಮ್ಲವಿರುವ ದ್ರಾವಣ ಹಚ್ಚುತ್ತಾರೆ. ಅದು ತುಕ್ಕನ್ನು ಕಬ್ಬಿಣದ ಫಾಸ್ಫೇಟ್ ಆಗಿ ಮಾರ್ಪಡಿಸುತ್ತದೆ. ತೂತು ಬಿದ್ದ ತಗಡಿಗೆ ಮಾತ್ರ ಬೆಸುಗೆಯೇ ಮದ್ದು.

ಉಜ್ಜುವ ಕಾಗದದ ಮೇಲಿನ ಸಂಖ್ಯೆ ದೊಡ್ಡದಾದಷ್ಟೂ ಕಣ ನುಣುಪು. 80 ಒರಟು, 180, 240, 320 ನಡುವಿನವು, 400, 600, 800 ನಯ. ಶಹಾಬಾದದ ಪಾಲಿಶ್ ಯಂತ್ರದ ಮುಂದೆ ನಿಂತವರಿಗೆ ಈ ಕ್ರಮ ಹೊಸದಲ್ಲ. ಫರ್ಸಿಯನ್ನು ಒರಟು ಕಲ್ಲಿನಿಂದ ಶುರುಮಾಡಿ ನಯವಾದದ್ದರವರೆಗೆ ಮೆಟ್ಟಿಲು ಮೆಟ್ಟಿಲಾಗಿ ಉಜ್ಜುತ್ತಾರೆ. ಪ್ರತಿ ಮೆಟ್ಟಿಲೂ ಹಿಂದಿನದರ ಗೀರನ್ನು ಅಳಿಸುತ್ತದೆ. 80ರಿಂದ ನೇರವಾಗಿ 400ಕ್ಕೆ ಹಾರಿದರೆ ಆಳದ ಗೀರು ಉಳಿದು, ಹೊಸ ಬಣ್ಣ ಒಣಗಿದ ಮೇಲೆ ಮತ್ತೆ ಮುಖ ತೋರಿಸುತ್ತದೆ. ಹಳೆಯ ಬಣ್ಣದ ಅಂಚನ್ನೂ ಇಳಿಜಾರಾಗಿ ಉಜ್ಜಬೇಕು. ಕಣ್ಣು ಮುಚ್ಚಿ ಬೆರಳಾಡಿಸಿದರೆ ಅಂಚು ಎಲ್ಲಿದೆ ಎಂದು ತಿಳಿಯಬಾರದು.

ಹಾಗಾದರೆ ಕನ್ನಡಿಯಂತೆ ನುಣುಪು ಮಾಡಬಹುದೆ? ಅದೂ ಕೂಡದು. ಬಣ್ಣ ಹಿಡಿದುಕೊಳ್ಳುವುದು ಕಣ್ಣಿಗೆ ಕಾಣದ ಆ ಸಣ್ಣ ಗೀರುಗಳನ್ನೇ.

ಪುಟ್ಟಿ ಮತ್ತು ಅಯಸ್ಕಾಂತ

ತಗ್ಗುಗಳನ್ನು ಟಿಂಕರಿಂಗ್‌ನವರು ಬಡಿದು ಸರಿಮಾಡಿದ ಮೇಲೂ ಉಳಿಯುವ ಅಲ್ಪ ಏರುತಗ್ಗಿಗೆ ಪುಟ್ಟಿ. ಇದು ಪಾಲಿಯೆಸ್ಟರ್ ರಾಳ. 100 ಭಾಗಕ್ಕೆ ಸುಮಾರು 2 ಭಾಗ ಹಾರ್ಡ್‌ನರ್ ಕಲಸಿದರೆ ಬಹಿರುಷ್ಣಕ ಕ್ರಿಯೆ ನಡೆದು ಗಟ್ಟಿಯಾಗುತ್ತದೆ. ಕೈಗೆ ಬಿಸಿ ತಾಗುತ್ತದೆ. ಬೇಗ ಒಣಗಲೆಂದು ಹಾರ್ಡ್‌ನರ್ ಹೆಚ್ಚು ಹಾಕಿದರೆ ಉಳಿದ ಪೆರಾಕ್ಸೈಡ್ ಮೇಲಿನ ಬಣ್ಣದಲ್ಲಿ ಕಲೆಯಾಗಿ ಮೂಡುತ್ತದೆ. ಪುಟ್ಟಿ ನೀರು ಹೀರುತ್ತದೆ. ಅದನ್ನು ಒಣದಾಗಿಯೇ ಉಜ್ಜುವುದು ಕ್ಷೇಮ.

ಹಳೆಯ ಕಾರು ಕೊಳ್ಳುವ ಪಾಲಕರಿಗೆ ಇಲ್ಲೊಂದು ಉಪಾಯ. ಸಣ್ಣ ಅಯಸ್ಕಾಂತಕ್ಕೆ ತೆಳು ಬಟ್ಟೆ ಸುತ್ತಿ ಉಕ್ಕಿನ ಬಾಗಿಲು, ಬಾನೆಟ್ ಮೇಲೆ ಅಲ್ಲಲ್ಲಿ ಇಟ್ಟು ನೋಡಿ. ಒಂದೆಡೆ ಗಟ್ಟಿಯಾಗಿ ಹಿಡಿದದ್ದು ಇನ್ನೊಂದೆಡೆ ಜಾರಿದರೆ, ಥಳಕಿನ ಕೆಳಗೆ ದಪ್ಪ ಪುಟ್ಟಿ ಅಡಗಿದೆ ಎಂದು ಅನುಮಾನಿಸಬಹುದು. ಪ್ಲಾಸ್ಟಿಕ್ ಬಂಪರಿಗೂ ಅಲ್ಯುಮಿನಿಯಂಗೂ ಈ ಪರೀಕ್ಷೆ ಸಲ್ಲದು.

ಅಮೆರಿಕದ ಒಂದು ಕಥೆ

ಲೋಹ ಬತ್ತಲಾದ ದಿನವೇ ಪ್ರೈಮರ್ ಹೊಡೆಯಬೇಕು. ಬೆವರಿನ ಉಪ್ಪು ಸಾಕು, ಬೆರಳಚ್ಚಿನ ಆಕಾರದಲ್ಲೇ ತುಕ್ಕು ಏಳುತ್ತದೆ. ಪ್ರೈಮರ್ ಒಣಗಿದ ಮೇಲೆ 400ರಿಂದ 800ರ ವಾಟರ್ ಪೇಪರಿನಿಂದ ನಯವಾಗಿ ಉಜ್ಜಿ, ಬಣ್ಣ ಬೀಳಬಾರದ ಗಾಜು, ರಬ್ಬರು, ದೀಪಗಳಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ ಕಾಗದ ಮುಚ್ಚುತ್ತಾರೆ. ನಮ್ಮ ಗ್ಯಾರೇಜುಗಳಲ್ಲಿ ಆ ಗೌರವ ಹಳೆಯ ದಿನಪತ್ರಿಕೆಗೆ ಸಲ್ಲುತ್ತದೆ! ಆದರೆ ಥಿನ್ನರ್ ಒಂದೇ ಹಾಳೆಯ ಮೂಲಕ ಇಳಿಯಬಲ್ಲದು. ಎರಡು ಪದರವಾದರೂ ಇರಲಿ.

ನೀರಿನಲ್ಲಿ ಅದ್ದಿ ಉಜ್ಜುವ ಕಾಗದವೂ ಮಾಸ್ಕಿಂಗ್ ಟೇಪೂ ಅಮೆರಿಕದ 3ಎಂ ಕಂಪನಿಯಿಂದ 1920ರ ದಶಕದಲ್ಲಿ ಮಾರುಕಟ್ಟೆಗೆ ಬಂದವು. ರಿಚರ್ಡ್ ಡ್ರೂ ಎಂಬ ಯುವಕ ಉಜ್ಜುವ ಕಾಗದದ ಪರೀಕ್ಷೆಗೆಂದು ಕಾರು ಬಣ್ಣದ ಗ್ಯಾರೇಜುಗಳಿಗೆ ಹೋಗುತ್ತಿದ್ದ. ಆಗ ಎರಡು ಬಣ್ಣದ ಕಾರುಗಳ ಕಾಲ. ಅಂಟಿಸಿದ ಕಾಗದ ಕೀಳುವಾಗ ಹೊಸ ಬಣ್ಣವೂ ಕಿತ್ತುಬರುತ್ತಿತ್ತು. ಪೇಂಟರುಗಳ ಬೈಗುಳವನ್ನು ಡ್ರೂ ಸಮಸ್ಯೆಯಾಗಿ ಕೇಳಿಸಿಕೊಂಡ. 1925ರಲ್ಲಿ ಮಾಸ್ಕಿಂಗ್ ಟೇಪ್ ರೂಪಿಸಿದ. 1930ರಲ್ಲಿ ಬಂದ ಸೆಲ್ಲೊಫೇನ್ ಟೇಪ್ ಕೂಡ ಅವನದೇ.

ಬಿಸಿಲು, ಮಳೆ, ಉಸಿರು

ನಮ್ಮ ಮೇ ತಿಂಗಳ ಬಿಸಿಲಿನಲ್ಲಿ ಕಾದ ತಗಡಿಗೆ ಸ್ಪ್ರೇ ಮಾಡಿದರೆ ಥಿನ್ನರ್ ಬೇಗ ಆವಿಯಾಗಿ, ಬಣ್ಣ ಸಮನಾಗಿ ಹರಡುವ ಮೊದಲೇ ಗಟ್ಟಿಯಾಗಿ ಮೈ ಕಿತ್ತಳೆ ಸಿಪ್ಪೆಯಂತಾಗುತ್ತದೆ. ಮಳೆಗಾಲದಲ್ಲಿ ಆವಿಯಾಗುವ ಥಿನ್ನರ್ ತಗಡನ್ನು ತಂಪಾಗಿಸಿ, ಗಾಳಿಯ ತೇವ ಅಲ್ಲಿ ಕೂತು ಬಣ್ಣ ಮಂಕಾಗಬಹುದು. ನೆರಳು, ಒಣ ಹವೆ, ಧೂಳಿಲ್ಲದ ಜಾಗ ಮೂರೂ ಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ಉಜ್ಜುವವರ ಉಸಿರು. ಹಳೆಯ ಬಣ್ಣದ ಪುಡಿಯಲ್ಲಿ ಸೀಸ ಇರಬಹುದು. ಮನೆಯ ಬಣ್ಣಗಳಲ್ಲಿ ಸೀಸಕ್ಕೆ 90 ಪಿಪಿಎಂ ಮಿತಿ ಹಾಕಿದ ಭಾರತದ 2016ರ ನಿಯಮ ವಾಹನದ ಬಣ್ಣಗಳಿಗೆ ಅನ್ವಯಿಸುವುದಿಲ್ಲ. ಹಾರ್ಡ್‌ನರ್ ಬೆರೆಸಿ ಹೊಡೆಯುವ ಬಣ್ಣಗಳ ಐಸೊಸೈನೇಟ್ ಆಸ್ತಮಾ ತರಬಲ್ಲದು. ಮೂಗಿಗೆ ಕಟ್ಟಿದ ಕರವಸ್ತ್ರ ಅದನ್ನು ತಡೆಯುವುದಿಲ್ಲ. ಅದಕ್ಕೆಂದೇ ಇರುವ ಉಸಿರುರಕ್ಷಕ ಬೇಕು. ಬೇಸಿಗೆ ರಜೆಯಲ್ಲಿ 'ಕೆಲಸ ಕಲಿಯಲಿ' ಎಂದು ಮಕ್ಕಳನ್ನು ಗ್ಯಾರೇಜಿಗೆ ಬಿಡುವ ಪಾಲಕರು ಇದನ್ನು ಗಮನಿಸಬೇಕು. 14 ವರ್ಷದೊಳಗಿನವರನ್ನು ಅಲ್ಲಿ ದುಡಿಸುವುದು ಕಾನೂನಿಗೂ ವಿರುದ್ಧ.

ಮನೆಯಲ್ಲೇ ಮಾಡಿ ನೋಡಿ

ಮೂರು ತಗಡಿನ ತುಂಡು ತೆಗೆದುಕೊಳ್ಳಿ. ಒಂದಕ್ಕೆ ಎಣ್ಣೆ ಸವರಿ. ಇನ್ನೊಂದು ತುಕ್ಕು ಹಿಡಿದದ್ದಿರಲಿ. ಮೂರನೆಯದನ್ನು ತೊಳೆದು, ಜಿಡ್ಡು ತೆಗೆದು, 240ರ ಕಾಗದದಿಂದ ಉಜ್ಜಿ ಒರೆಸಿ. ಮೂರಕ್ಕೂ ಒಂದೇ ಎನಾಮೆಲ್ ಬಣ್ಣ ಹಚ್ಚಿ ಒಂದು ವಾರ ಒಣಗಿಸಿ. ಹಿರಿಯರ ಕೈಯಿಂದ ಬ್ಲೇಡಿನಲ್ಲಿ ಅಡ್ಡ ಉದ್ದ ಗೆರೆ ಹಾಕಿಸಿ ಸಣ್ಣ ಚೌಕಗಳನ್ನು ಮಾಡಿ, ಡ್ರೂನ ಆ ಪಾರದರ್ಶಕ ಟೇಪನ್ನು ಒತ್ತಿ ಅಂಟಿಸಿ ಥಟ್ಟನೆ ಎಳೆಯಿರಿ. ಎಷ್ಟು ಚೌಕ ಟೇಪಿಗೆ ಬಂದವು, ಎಷ್ಟು ಉಳಿದವು ಎಂದು ಎಣಿಸಿ ಬರೆದುಕೊಳ್ಳಿ. ಬಣ್ಣದ ಉದ್ಯಮದಲ್ಲೂ ಅಂಟುವ ಶಕ್ತಿಯನ್ನು ಅಳೆಯುವುದು ಇದೇ ತತ್ವದಿಂದ.

ಪಾಲಕರು ಬಣ್ಣದ ದರ ಕೇಳುವ ಮೊದಲು, ಉಜ್ಜಿದ ಮೇಲೆ ಮತ್ತು ಪ್ರೈಮರ್ ಆದ ಮೇಲೆ ತಮ್ಮನ್ನು ಕರೆದು ತೋರಿಸುವಿರಾ ಎಂದು ಗ್ಯಾರೇಜಿನವರನ್ನು ಕೇಳಲಿ. ಒಳ್ಳೆಯ ಕೆಲಸಗಾರ ಸಂತೋಷದಿಂದ ಒಪ್ಪುತ್ತಾನೆ. ಬಣ್ಣವನ್ನೇ ಬದಲಿಸುವುದಾದರೆ ಆರ್.ಟಿ.ಓ. ಕಚೇರಿಯಲ್ಲಿ ವಿಚಾರಿಸಿ, ನೋಂದಣಿ ಪುಸ್ತಕದಲ್ಲಿ ತಿದ್ದಿಸಿಕೊಳ್ಳುವುದನ್ನು ಮರೆಯದಿರಲಿ.