ಗುಟ್ಟು ಪೆಟ್ಟಿಗೆಯ ಹೊರಗಿರಲಿ

ಡೊಂಬಿವಲಿ, ಕಲ್ಯಾಣಗಳಿಂದ ಬೆಳಗಿನ ಲೋಕಲ್ ಹಿಡಿದು ಥಾಣೆಗೆ ಬಂದು, ಅಲ್ಲಿಂದ ವಾಶಿಯ ಗಾಡಿ ಹತ್ತಿ ಐರೋಲಿ, ರಬಾಳೆ, ಘನ್ಸೋಲಿಗಳಲ್ಲಿ ಇಳಿಯುವ ಜನಸ್ತೋಮದಲ್ಲಿ ಕನ್ನಡಿಗ ತರುಣ ತರುಣಿಯರೂ ಇದ್ದಾರೆ. ಹಿಂದೆ ರಾಸಾಯನಿಕ ಕಾರ್ಖಾನೆಗಳಿಗೆ ಹೆಸರಾಗಿದ್ದ ಥಾಣೆ–ಬೇಲಾಪುರ ರಸ್ತೆಯ ಆಸುಪಾಸಿನಲ್ಲಿ ಈಗ ಸಾಫ್ಟ್‌ವೇರ್ ಕಚೇರಿಗಳೂ ಡೇಟಾ ಸೆಂಟರುಗಳೂ ತಲೆಯೆತ್ತಿವೆ. ಇಂಥ ಕಚೇರಿಗಳಲ್ಲಿ ನಿತ್ಯವೂ ಇತ್ಯರ್ಥವಾಗಬೇಕಾದ, ನಮ್ಮೆಲ್ಲರ ಹಣಕ್ಕೂ ಮಾನಕ್ಕೂ ಸಂಬಂಧಿಸಿದ ಪ್ರಶ್ನೆಯೊಂದುಂಟು: ಯಂತ್ರಕ್ಕೆ ಗುಟ್ಟನ್ನು ತಿಳಿಸುವುದು ಹೇಗೆ?

ಉತ್ತರಕ್ಕೆ ನೆರವಾಗುವ ಹೋಲಿಕೆಯೊಂದು ಸಮೀಪದ ಬಂದರಿನಲ್ಲಿದೆ. 1989ರಲ್ಲಿ ಆರಂಭವಾದ ನ್ಹಾವಾ ಶೇವಾ ಬಂದರಿನಲ್ಲಿ ಕ್ರೇನುಗಳು ಎತ್ತಿಳಿಸುವ ಉಕ್ಕಿನ ಕಂಟೇನರುಗಳು, ಒಳಗಿನ ಸರಕು ಯಾವುದೇ ಆಗಿರಲಿ, ಹಡಗಿಗೂ ಲಾರಿಗೂ ರೈಲಿಗೂ ಸಮನಾಗಿ ಒಗ್ಗುತ್ತವೆ. ಸರಕು ಯಾರದು, ಎಲ್ಲಿಗೆ ಎಂಬ ಕಾಗದಪತ್ರ ಪೆಟ್ಟಿಗೆಯಿಂದ ಪ್ರತ್ಯೇಕವಾಗಿ ಸಾಗುತ್ತದೆ. 2013ರಲ್ಲಿ ಬೆಳಕಿಗೆ ಬಂದ ಡಾಕರ್ ಎಂಬ ಸಾಧನ ಸಾಫ್ಟ್‌ವೇರ್ ಲೋಕದಲ್ಲಿ ಜನಪ್ರಿಯಗೊಳಿಸಿದ್ದು ಇಂಥದೇ ಕ್ರಮವನ್ನು. ಪ್ರೋಗ್ರಾಮನ್ನೂ ಅದಕ್ಕೆ ಬೇಕಾದ ಸಮಸ್ತ ಪರಿಕರಗಳನ್ನೂ ‘ಇಮೇಜ್’ ಎಂಬ ಒಂದೇ ಕಟ್ಟಿನಲ್ಲಿ ಬಿಗಿದರೆ, ಅದು ಪರೀಕ್ಷೆಯ ಸರ್ವರಿನಲ್ಲಿಯೂ ಗ್ರಾಹಕರ ಸೇವೆಯ ಸರ್ವರಿನಲ್ಲಿಯೂ ಕಿಂಚಿತ್ತೂ ಬದಲಾಗದೆ ನಡೆಯುತ್ತದೆ. ಹೀಗೆ ನಡೆಯುತ್ತಿರುವ ಇಮೇಜಿಗೂ ಕಂಟೇನರೆಂದೇ ಹೆಸರು.

ಸರ್ವರಿನಿಂದ ಸರ್ವರಿಗೆ ಬದಲಾಗತಕ್ಕವು ಎರಡು. ಡೇಟಾಬೇಸಿನ ವಿಳಾಸದಂಥ ಸಾಧಾರಣ ವಿವರಗಳು ಮೊದಲನೆಯ ವರ್ಗ. ಪಾಸ್‌ವರ್ಡು, ಹಣಪಾವತಿ ಸೇವೆಯ ಕೀ ಮೊದಲಾದ ರಹಸ್ಯಗಳು ಎರಡನೆಯದು. ಎರಡೂ ಪ್ರೋಗ್ರಾಮು ಆರಂಭವಾಗುವ ಹೊತ್ತಿಗೆ ಹೊರಗಿನಿಂದ ಬರತಕ್ಕವು. ಹೆರೋಕು ಸಂಸ್ಥೆಯವರು 2011ರ ಸುಮಾರಿಗೆ ರೂಪಿಸಿದ ‘ಟ್ವೆಲ್ವ್ ಫ್ಯಾಕ್ಟರ್ ಆ್ಯಪ್’ ಎಂಬ ನಿಯಮಾವಳಿ ಇದಕ್ಕೊಂದು ಒರೆಗಲ್ಲನ್ನು ಕೊಟ್ಟಿದೆ: ನಿಮ್ಮ ಕೋಡನ್ನು ಈ ಕ್ಷಣವೇ ಲೋಕಕ್ಕೆಲ್ಲ ತೆರೆದಿಟ್ಟರೂ ಯಾವ ರಹಸ್ಯವೂ ಬಯಲಾಗಕೂಡದು.

ಈ ನಿಯಮವನ್ನು ಮೀರಿದರೆ ಬರುವ ಅನರ್ಥ ಸಣ್ಣದಲ್ಲ. ಇಮೇಜು ಪದರ ಪದರವಾಗಿ ರಚಿತವಾಗುವುದರಿಂದ, ಒಂದು ಪದರದಲ್ಲಿ ಬರೆದ ಪಾಸ್‌ವರ್ಡನ್ನು ಮುಂದಿನ ಪದರದಲ್ಲಿ ಅಳಿಸಿದರೂ ಅದು ಕೆಳಗಿನ ಪದರದಲ್ಲಿ ಉಳಿದೇ ಇರುತ್ತದೆ. ರಹಸ್ಯವನ್ನು ಕೋಡಿನಲ್ಲಿಟ್ಟರೂ ಅಪಾಯವೇ: 2016ರಲ್ಲಿ ಊಬರ್ ಸಂಸ್ಥೆಯ ಖಾಸಗಿ ಕೋಡ್ ಭಂಡಾರವನ್ನು ಹೊಕ್ಕ ದುಷ್ಕರ್ಮಿಗಳು ಅಲ್ಲಿ ಸಿಕ್ಕ ಕೀಲಿಯಿಂದಲೇ 5 ಕೋಟಿ 70 ಲಕ್ಷ ಜನರ ಮಾಹಿತಿಯನ್ನು ಅಪಹರಿಸಿದರು.

ಎನ್ವಿರಾನ್‌ಮೆಂಟ್ ವೇರಿಯಬಲ್ಲುಗಳ ಮೂಲಕ, ಅಂದರೆ ಪ್ರೋಗ್ರಾಮು ನಡೆಯುವ ಪರಿಸರದಲ್ಲಿ ಹೆಸರುಕೊಟ್ಟಿರಿಸಿ, ಮೌಲ್ಯಗಳನ್ನು ಒದಗಿಸುವುದು ಸುಲಭವಾದ ಮಾರ್ಗ. ಸಾಧಾರಣ ವಿವರಗಳಿಗೆ ಅದೇ ಸಾಕು. ರಹಸ್ಯಗಳಿಗೆ ಸಾಲದು; ಏಕೆಂದರೆ ಕಂಟೇನರನ್ನು ತಪಾಸಣೆ ಮಾಡುವ ಒಂದು ಆಜ್ಞೆಯಿಂದ ಅವು ಕಣ್ಣಿಗೆ ಬೀಳುತ್ತವೆ, ದೋಷ ಸಂಭವಿಸಿದಾಗ ಲಾಗಿನಲ್ಲಿಯೂ ಸೇರಿಹೋಗಬಹುದು. ಡಿಸ್ಕಿಗೆ ಇಳಿಯದೆ ಮೆಮೊರಿಯಲ್ಲಿ ಮಾತ್ರ ಇರುವ ಫೈಲಿನ ಮೂಲಕ ರಹಸ್ಯವನ್ನು ಒದಗಿಸುವುದು ಇದಕ್ಕಿಂತ ಲೇಸು. ಕಂಟೇನರುಗಳನ್ನು ನಿರ್ವಹಿಸುವ ಕುಬರ್ನೆಟಿಸ್‌ನಲ್ಲಿ ಸಾಧಾರಣ ವಿವರಗಳಿಗೆ ಕಾನ್ಫಿಗ್‌ಮ್ಯಾಪ್, ರಹಸ್ಯಗಳಿಗೆ ಸೀಕ್ರೆಟ್ ಎಂದು ಬೇರೆ ಬೇರೆ ಏರ್ಪಾಡುಗಳಿವೆ. ಆದರೆ ಸೀಕ್ರೆಟ್‌ನ ಬೇಸ್64 ರೂಪವನ್ನು ಕಂಡು ಅದು ಗೂಢಲಿಪಿಯೆಂದು ಭ್ರಮಿಸಬಾರದು. ಅದನ್ನು ಯಾರು ಬೇಕಾದರೂ ಕ್ಷಣಮಾತ್ರದಲ್ಲಿ ಬಿಡಿಸಿ ಓದಬಲ್ಲರು. ಸಂಗ್ರಹದಲ್ಲಿರುವಾಗ ಎನ್‌ಕ್ರಿಪ್ಶನ್ನನ್ನೂ, ಓದುವ ಅಧಿಕಾರಕ್ಕೆ ಮಿತಿಯನ್ನೂ ನಾವೇ ವಿಧಿಸಬೇಕು. ರಹಸ್ಯಗಳನ್ನು ಕಾಪಾಡುವ ವಾಲ್ಟ್‌ನಂಥ ಸಾಧನಗಳು ಅಲ್ಪಾವಧಿಯ ಪಾಸ್‌ವರ್ಡುಗಳನ್ನು ಸೃಷ್ಟಿಸಿ, ಅವಧಿ ಮುಗಿದೊಡನೆ ತಾವೇ ರದ್ದುಗೊಳಿಸುತ್ತವೆ.

ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯಿದೆ, ಸಮುಚಿತ ಭದ್ರತೆಯನ್ನು ಏರ್ಪಡಿಸದವರಿಗೆ 250 ಕೋಟಿ ರೂಪಾಯಿಗಳವರೆಗೆ ದಂಡ ವಿಧಿಸಲು ಅವಕಾಶವಿತ್ತಿದೆ. ದಂಡದ ಭಯಕ್ಕಿಂತಲೂ ಮಿಗಿಲಾದುದು, ಮುಖಪರಿಚಯವೂ ಇಲ್ಲದವರು ನಮ್ಮಲ್ಲಿಟ್ಟಿರುವ ವಿಶ್ವಾಸ. ಆದುದರಿಂದ ಪ್ರತಿಯೊಂದು ತಂಡವೂ ತನ್ನನ್ನು ಕೇಳಿಕೊಳ್ಳಬೇಕು: ಈ ರಹಸ್ಯವನ್ನು ಯಾರು ಯಾರು ಓದಬಲ್ಲರು? ಇದನ್ನು ಕಡೆಯ ಬಾರಿ ಬದಲಾಯಿಸಿದ್ದು ಎಂದು? ಇಂದೇ ಬಯಲಾದರೆ ಎಷ್ಟು ಹೊತ್ತಿನಲ್ಲಿ ರದ್ದುಮಾಡಬಲ್ಲೆವು? ಮೂರನೆಯ ಪ್ರಶ್ನೆಗೆ ಸಿದ್ಧವಾದ ಉತ್ತರವಿಲ್ಲದವರ ಕೆಲಸ, ಪ್ರೋಗ್ರಾಮು ಎಷ್ಟೇ ಸೊಗಸಾಗಿ ನಡೆಯುತ್ತಿರಲಿ, ಇನ್ನೂ ಮುಗಿದಿಲ್ಲ.