ನಿಯಂತ್ರಣ ಫಲಕದೊಳಗಿನ ಇಬ್ಬನಿ

ಭಾನುವಾರದ ರಜೆ ಕಳೆದು ಸೋಮವಾರ ಬೆಳಿಗ್ಗೆ ಯಂತ್ರವನ್ನು ಚಾಲೂ ಮಾಡಿದೊಡನೆ ಅದು ಟ್ರಿಪ್ ಆಗುತ್ತದೆ. ತುಮಕೂರಿನಿಂದ ತಂತ್ರಜ್ಞರು ಬಂದು ಸೇರುವ ವೇಳೆಗೆ ಬಿಸಿಲೇರಿ, ಅದೇ ಯಂತ್ರ ಏನೂ ಆಗಿಲ್ಲವೆಂಬಂತೆ ಓಡತೊಡಗುತ್ತದೆ. ಬಂದವರು ‘ದೋಷ ಕಂಡುಬಂದಿಲ್ಲ’ ಎಂದು ಬರೆದುಕೊಟ್ಟು, ಭೇಟಿಯ ಶುಲ್ಕ ಪಡೆದು ಹಿಂದಿರುಗುತ್ತಾರೆ. ಹೆಬ್ಬೂರು, ಗುಬ್ಬಿ, ಕುಣಿಗಲ್ ಭಾಗದಲ್ಲಿ ಅಕ್ಕಿ ಗಿರಣಿಯನ್ನೋ ತೆಂಗಿನ ಉತ್ಪನ್ನಗಳ ಘಟಕವನ್ನೋ ನಡೆಸುವವರಿಗೆ ಇದು ಅಪರಿಚಿತ ಪ್ರಸಂಗವಾಗಲಾರದು. ಎರಡು ಮೂರು ಬಾರಿ ಹೀಗಾದ ಮೇಲೆ ಒಂದು ದಿನ ಪಿ.ಎಲ್.ಸಿ. ಕಾರ್ಡ್ ಅಥವಾ ಮೋಟಾರಿನ ವೇಗ ನಿಯಂತ್ರಿಸುವ ಡ್ರೈವ್ ಸಂಪೂರ್ಣವಾಗಿ ಕೆಡುತ್ತದೆ. ಬದಲಿ ಭಾಗ ಬರುವವರೆಗೆ ಕೆಲಸ ನಿಲ್ಲುತ್ತದೆ. ನೆನೆಹಾಕಿದ ಭತ್ತವಾಗಲಿ ಸುಲಿದಿಟ್ಟ ತೆಂಗಿನಕಾಯಿಯಾಗಲಿ ಅಲ್ಲಿಯವರೆಗೆ ಕಾಯುವುದಿಲ್ಲ.

ತೇವಾಂಶದ ತೊಂದರೆ ಮಂಗಳೂರು, ಕಾರವಾರದಂಥ ಕರಾವಳಿಯದು, ಬಯಲುಸೀಮೆಗೆ ಅದರ ಗೊಡವೆಯಿಲ್ಲ ಎಂಬ ನಂಬಿಕೆ ನಮ್ಮ ಉದ್ಯಮಿಗಳಲ್ಲಿ ಬಲವಾಗಿದೆ. ವರ್ಷದ ಸರಾಸರಿಯನ್ನು ನೋಡಿದರೆ ಅದು ನಿಜವೇ. ಆದರೆ ವಿದ್ಯುನ್ಮಾನ ಉಪಕರಣವನ್ನು ಕೆಡಿಸುವುದು ವರ್ಷದ ಸರಾಸರಿಯಲ್ಲ, ಬೆಳಗಿನ ಜಾವದ ಕೆಲವು ಗಂಟೆಗಳು. ತುಮಕೂರು ಸೀಮೆಗೆ ಜೋರಾದ ಮಳೆ ಬೀಳುವುದು ಸೆಪ್ಟೆಂಬರ್–ಅಕ್ಟೋಬರ್ ತಿಂಗಳಲ್ಲಿ, ಹಸ್ತ ಚಿತ್ತೆಯ ದಿನಗಳಲ್ಲಿ. ಅದರ ಬೆನ್ನಿಗೇ ಇಬ್ಬನಿಯ ಕಾಲ. 30 ಡಿಗ್ರಿ ಉಷ್ಣತೆಯಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 30 ಗ್ರಾಂ ನೀರಾವಿಯನ್ನು ಹಿಡಿದಿಡಬಲ್ಲದು. 20 ಡಿಗ್ರಿಗೆ ಇಳಿದಾಗ ಸುಮಾರು 17 ಗ್ರಾಂ ಮಾತ್ರ. ಹೆಚ್ಚಾದದ್ದು ತಣ್ಣನೆಯ ತಗಡಿನ ಮೇಲೆ, ಸರ್ಕೀಟ್ ಹಲಗೆಯ ಮೇಲೆ ನೀರಾಗಿ ಕೂರುತ್ತದೆ.

ಯಂತ್ರ ಓಡುವಾಗ ಫಲಕದ ಒಳಗಿನ ಶಾಖವೇ ಅದನ್ನು ಒಣದಾಗಿಡುತ್ತದೆ. ಅಪಾಯವಿರುವುದು ನಿಲುಗಡೆಯಲ್ಲಿ. ಮೇನ್ ಸ್ವಿಚ್ ಆರಿಸಿದಾಗ ಅಥವಾ ವಿದ್ಯುತ್ ಹೋದಾಗ ಪೆಟ್ಟಿಗೆ ತಣ್ಣಗಾಗಿ ಒಳಗಿನ ಗಾಳಿ ಕುಗ್ಗುತ್ತದೆ, ಹೊರಗಿನ ತೇವದ ಗಾಳಿಯನ್ನು ಸಂದುಗಳಿಂದ ಒಳಗೆಳೆದುಕೊಳ್ಳುತ್ತದೆ. ರಬ್ಬರ್ ಪಟ್ಟಿಯ ಐ.ಪಿ. 65 ದರ್ಜೆಯ ಪೆಟ್ಟಿಗೆಯೂ ಇದಕ್ಕೆ ಹೊರತಲ್ಲ. ಆ ದರ್ಜೆ ಧೂಳನ್ನೂ ಸಿಡಿಯುವ ನೀರನ್ನೂ ತಡೆಯುತ್ತದೆಯೇ ಹೊರತು ಆವಿಯನ್ನಲ್ಲ. ಒಳಗೆ ಸೇರಿದ ನೀರು ಹೊರಹೋಗಲು ದಾರಿಯಿಲ್ಲದ ಬಿಗಿಯಾದ ಪೆಟ್ಟಿಗೆ ಕೆಲವೊಮ್ಮೆ ಸಡಿಲವಾದದ್ದಕ್ಕಿಂತ ಕೆಡುಕು ಮಾಡುವುದೂ ಉಂಟು. ತಳದಲ್ಲಿ ಉಸಿರುಬಿರಡೆಯನ್ನು, ಅಂದರೆ ನೀರು ಬಸಿದು ಗಾಳಿಯಾಡುವ ಬಿರಡೆಯನ್ನು, ಅಳವಡಿಸುವುದು ಇದಕ್ಕಾಗಿಯೇ.

24 ವೋಲ್ಟ್ ಏಕಮುಖ ವಿದ್ಯುತ್ ಹರಿಯುವ ಎರಡು ತಾಮ್ರದ ಗೆರೆಗಳ ನಡುವೆ ತೇವದ ಪದರ ನಿಂತರೆ, ಲೋಹದ ಅಯಾನುಗಳು ಧನಾಗ್ರದಿಂದ ಋಣಾಗ್ರದತ್ತ ಸರಿದು, ಬೇರಿನಂತೆ ಕವಲೊಡೆದ ಸೂಕ್ಷ್ಮ ಎಳೆಗಳಾಗಿ ಬೆಳೆಯುತ್ತವೆ. ಎಳೆ ಎರಡು ಗೆರೆಗಳನ್ನು ಮುಟ್ಟಿಸಿದಾಗ ಯಂತ್ರ ಟ್ರಿಪ್ ಆಗುತ್ತದೆ. ವಿದ್ಯುತ್ ಹರಿದು ಎಳೆ ಸುಟ್ಟುಹೋದರೆ ಕುರುಹೂ ಉಳಿಯುವುದಿಲ್ಲ. ತಂತ್ರಜ್ಞರು ಬರೆದುಕೊಟ್ಟ ಚೀಟಿಯಲ್ಲಿ ಸುಳ್ಳೇನೂ ಇರುವುದಿಲ್ಲ, ಅವರು ಬಂದ ಹೊತ್ತು ತಪ್ಪು. ಇದಕ್ಕೆ ಧೂಳು ಸೇರಿದರೆ ಹಾನಿ ಇಮ್ಮಡಿ. ಶುದ್ಧವಾದ ಅಡಿಗೆ ಉಪ್ಪು ಸುಮಾರು 75 ಶೇಕಡಾ ಸಾಪೇಕ್ಷ ಆರ್ದ್ರತೆಯಲ್ಲೇ ತಾನಾಗಿ ನೀರಾಗುತ್ತದೆ. ಲವಣಾಂಶವಿರುವ ಬೂದಿ, ಗೊಬ್ಬರಗಳ ಧೂಳು ಕೂತ ಹಲಗೆಗೆ ಇಬ್ಬನಿಯೇ ಬೇಕೆಂದಿಲ್ಲ.

ಪರಿಹಾರ ದುಬಾರಿಯಲ್ಲ. ಫಲಕದೊಳಗೆ ಸಣ್ಣ ಹೀಟರ್ ಅಳವಡಿಸಿ, ಒಳಗಿನ ಉಷ್ಣತೆ ಹೊರಗಿನದಕ್ಕಿಂತ 5 ಡಿಗ್ರಿ ಮೇಲಿರುವಂತೆ ಮಾಡಿದರೆ, ಹೊರಗೆ 25 ಡಿಗ್ರಿಯಲ್ಲಿ ಶೇ. 100ರಷ್ಟಿರುವ ಆರ್ದ್ರತೆ ಒಳಗೆ ಶೇ. 75ಕ್ಕೆ ಇಳಿಯುತ್ತದೆ, 10 ಡಿಗ್ರಿ ಏರಿಸಿದರೆ ಶೇ. 56ಕ್ಕೆ. ಲೋಹದ ಸವೆತ ಸಾಮಾನ್ಯವಾಗಿ ಚುರುಕಾಗುವುದು ಶೇ. 60ರ ಮೇಲೆ. ಎರಡೂವರೆ ಅಡಿ ಎತ್ತರ, ಎರಡು ಅಡಿ ಅಗಲದ ಉಕ್ಕಿನ ಪೆಟ್ಟಿಗೆಯನ್ನು 5 ಡಿಗ್ರಿ ಬೆಚ್ಚಗಿಡಲು ಸುಮಾರು 50 ವ್ಯಾಟ್ ಸಾಕು. ರಾತ್ರಿ 12 ಗಂಟೆ ಉರಿದರೂ ಖರ್ಚಾಗುವುದು ಅರ್ಧ ಯೂನಿಟ್‌ಗಿಂತ ತುಸು ಹೆಚ್ಚು. ಆದರೆ ಹೀಟರಿಗೆ ವಿದ್ಯುತ್ತನ್ನು ಮೇನ್ ಸ್ವಿಚ್ಚಿನ ಮುಂಚಿನ ಪ್ರತ್ಯೇಕ ಸಂಪರ್ಕದಿಂದ ಕೊಡಬೇಕು. ಯಂತ್ರ ನಿಲ್ಲಿಸಿದಾಗ ಹೀಟರೂ ಆರುವಂತೆ ತಂತಿ ಎಳೆದರೆ ಅದನ್ನು ಹಾಕಿಸಿದ್ದೇ ವ್ಯರ್ಥ. ಮೇನ್ ಆರಿಸಿದರೂ ಒಳಗೆ ವಿದ್ಯುತ್ ಇರುತ್ತದೆಂಬ ಎಚ್ಚರಿಕೆಯ ಫಲಕವನ್ನು ಬಾಗಿಲ ಮೇಲೆ ಬರೆಸುವುದನ್ನು ಮಾತ್ರ ಮರೆಯುವಂತಿಲ್ಲ. ಇದು ಪ್ರಾಣದ ಪ್ರಶ್ನೆ.

ಕೇಬಲ್‌ಗಳು ಪೆಟ್ಟಿಗೆಯ ನೆತ್ತಿಯಿಂದಲ್ಲ, ತಳದಿಂದ ಗ್ಲ್ಯಾಂಡ್ ಮೂಲಕ ಪ್ರವೇಶಿಸಬೇಕು. ಬಾಯ್ಲರ್, ಭತ್ತ ಬೇಯಿಸುವ ತೊಟ್ಟಿಗಳ ಪಕ್ಕದ ಗೋಡೆ ಫಲಕಕ್ಕೆ ತಕ್ಕ ಜಾಗವಲ್ಲ. ಹವಾನಿಯಂತ್ರಣವಿರುವ ಫಲಕದ ಬಾಗಿಲನ್ನು ತೊಳೆಯುವ ಹೊತ್ತಿನಲ್ಲಿ ತೆರೆದಿಟ್ಟರೆ ತಣ್ಣನೆಯ ಹಲಗೆಗಳ ಮೇಲೆ ಕ್ಷಣದಲ್ಲಿ ನೀರು ಕೂರುತ್ತದೆ. ತೇವ ತಡೆಯುವ ಲೇಪನವುಳ್ಳ ಕಾರ್ಡ್‌ಗಳನ್ನು ಕೊಳ್ಳುವಾಗಲೇ ಕೇಳಿ ಪಡೆಯುವುದು ಮೇಲು. ಸ್ಥಳೀಯವಾಗಿ ವಾರ್ನಿಷ್ ಬಳಿಸಿದರೆ ಅದು ಕನೆಕ್ಟರ್‌ಗಳಿಗೂ ಮೆತ್ತಿಕೊಂಡು, ಖಾತರಿಯನ್ನೂ ಕಳೆಯಬಹುದು.

ಅನಿಲಗಳ ವಿಷಯ ಬೇರೆಯೇ. ಮಲಿನ ನೀರಿನ ಶುದ್ಧೀಕರಣ ತೊಟ್ಟಿ, ಗೋಬರ್ ಅನಿಲ ಘಟಕ, ನಾರಿಗಾಗಿ ಮಟ್ಟೆ ಕೊಳೆಸುವ ಗುಂಡಿ ಇವುಗಳಿಂದ ಹೈಡ್ರೋಜನ್ ಸಲ್ಫೈಡ್ ಹೊಮ್ಮುತ್ತದೆ. 2006ರ ಜುಲೈ 1ರಿಂದ ಐರೋಪ್ಯ ಒಕ್ಕೂಟ ವಿದ್ಯುನ್ಮಾನ ಉಪಕರಣಗಳಲ್ಲಿ ಸೀಸದ ಬಳಕೆಯನ್ನು ನಿರ್ಬಂಧಿಸಿದ ಮೇಲೆ, ಬೆಳ್ಳಿಯ ತೆಳುಲೇಪದ ಸರ್ಕೀಟ್ ಹಲಗೆಗಳ ಬಳಕೆ ಹೆಚ್ಚಿತು. ಗಂಧಕದ ಅನಿಲವಿದ್ದ ಕಾಗದದ ಗಿರಣಿಗಳಲ್ಲಿ, ಟಯರ್ ಕಾರ್ಖಾನೆಗಳಲ್ಲಿ ಆ ಹಲಗೆಗಳ ಮೇಲೆ ತಾಮ್ರದ ಸಲ್ಫೈಡ್ ತೆವಳುತ್ತ ಹರಡಿದ್ದು ವರದಿಯಾಯಿತು. ಅನಿಲಕ್ಕೆ ಹೀಟರ್ ಉತ್ತರವಲ್ಲ. ಸೋಸಿದ ಶುದ್ಧ ಗಾಳಿಯನ್ನು ಒತ್ತಡದಲ್ಲಿ ಒಳಗೆ ತುಂಬುವುದು, ಇಲ್ಲವೇ ಫಲಕವನ್ನೇ ದೂರ ಸರಿಸುವುದು ಉಪಾಯ.

ಅನಿಲವಿದೆಯೇ ಎಂದು ತಿಳಿಯಲು ಐ.ಎಸ್.ಎ. 71.04 ಎಂಬ ಅಂತರರಾಷ್ಟ್ರೀಯ ಮಾನದಂಡ ಹೇಳುವ ವಿಧಾನ ಸರಳವಾದುದು: ತಾಮ್ರ ಮತ್ತು ಬೆಳ್ಳಿಯ ಪಟ್ಟಿಗಳನ್ನು 30 ದಿನ ಆ ಕೋಣೆಯಲ್ಲಿ ತೂಗುಹಾಕಿ, ಮೇಲೆ ಕಟ್ಟಿದ ಕಿಲುಬಿನ ದಪ್ಪವನ್ನು ಅಳೆಯುವುದು. ತಾಮ್ರದ ಮೇಲೆ 300 ಆಂಗ್‌ಸ್ಟ್ರಾಮ್‌ಗಿಂತ, ಬೆಳ್ಳಿಯ ಮೇಲೆ 200ಕ್ಕಿಂತ ಕಡಿಮೆಯಿದ್ದರೆ ವಾತಾವರಣ ಸೌಮ್ಯವೆಂದು ಗಣನೆ. ನಿಖರ ಅಳತೆಗೆ ಪ್ರಯೋಗಾಲಯ ಬೇಕು. ಮೊದಲ ಸೂಚನೆಗಾದರೋ, ಚೆನ್ನಾಗಿ ಉಜ್ಜಿದ ತಾಮ್ರದ ತುಂಡೊಂದನ್ನು ದಾರ ಕಟ್ಟಿ ಫಲಕದ ಬಳಿ ತೂಗುಬಿಟ್ಟು, ತಿಂಗಳಾದ ಮೇಲೆ ಅದು ಕಪ್ಪಾಗಿದೆಯೇ ನೋಡಿದರಾಯಿತು.